ದಾಟಿದ ಕಾಲು

ಕನ್ನಡಿಯನ್ನು ಅಷ್ಟು ಕೆಳಗೆ ಮೊಳೆ ಹೊಡೆದು ತೂಗುಹಾಕಿದವನು ಅಣವೀರಪ್ಪನೇ. ಅದಾಗಿ ಹದಿನೈದು ವರ್ಷ. ಅದರ ಮುಂದೆ ಮೊಣಕಾಲು ಮಡಿಸಿ, ಬೆನ್ನು ಬಾಗಿಸಿ ಗಡ್ಡ ಹೆರೆದುಕೊಳ್ಳುವುದು ಅವನ ಮೈಗೆ ಎಷ್ಟು ರೂಢಿಯಾಗಿತ್ತೆಂದರೆ, ಆಫೀಸಿನ ಎತ್ತರದ ಕನ್ನಡಿಯ ಎದುರು ನಿಂತಾಗಲೂ ಮೊಣಕಾಲು ತಾನಾಗಿ ಮಡಿಚಿಕೊಂಡು ಬರೀ ಹಣೆ ಕಾಣುತ್ತಿತ್ತು. ಈ ಭಾನುವಾರ ಅವನು ಬಾಗಿ ಕಿವಿಯ ಕೆಳಗಿನ ಸೋಪು ಒರೆಸಿಕೊಳ್ಳುತ್ತಿದ್ದಾಗ ತಮ್ಮ ಚಂದ್ರಾಮ ಹಿಂದೆ ನೆಟ್ಟಗೆ ನಿಂತು, ಅವನ ಹೆಗಲ ಮೇಲಿಂದ ಅದೇ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಇಬ್ಬರ ಮುಖಗಳೂ ಒಂದೇ ಮಟ್ಟದಲ್ಲಿದ್ದವು.

“ಹೆಣ್ಣ ನೋಡಾಕ ಹೊಂಟಾವ ನಾನೋ ನೀನೋ?” ಎಂದ ಚಂದ್ರಾಮ. “ಎರಡ ಸಲ ಗಡ್ಡ ಕೆರಕೊಂಡಿ.”

ಅಣವೀರಪ್ಪ ನಗಲಿಲ್ಲ. ಅವನ ಬಾಯೊಳಗೆ ಒಂದು ವಾಕ್ಯ ಕುಳಿತಿತ್ತು. ವಾರದಿಂದ ಅದನ್ನು ಆಫೀಸಿನಲ್ಲಿ ಹಡಗಿನ ಸರಕುಪಟ್ಟಿಗಳನ್ನು ಬರೆಯುವಾಗ, ಲೋಕಲ್ ಗಾಡಿಯ ಕಂಬಿ ಹಿಡಿದು ನಿಂತಾಗ ಹೇಳಿಕೊಳ್ಳುತ್ತ ಬಂದಿದ್ದ. ಘಾಟ್ಕೋಪರಿನ ಆ ಮನೆಯವರು ಕೇಳಿಯೇ ಕೇಳುತ್ತಾರೆ. ಈ ಮೊದಲು ನೋಡಿದ ಎರಡು ಮನೆಯವರೂ ಕೇಳಿದ್ದರು, ಒಬ್ಬರು ಬಾಯಿಂದ, ಒಬ್ಬರು ಕಣ್ಣಿಂದ. ಚಂದ್ರಾಮ ನಾಲ್ಕಡಿ ಎಂಟು ಇಂಚಿನ, ಇಪ್ಪತ್ತೊಂಬತ್ತರ ಗಂಡು. ನಾಳೆ ಹುಟ್ಟುವ ಮಕ್ಕಳ ಗತಿಯೇನು ಎಂಬ ಪ್ರಶ್ನೆ. ಆಗೆಲ್ಲ ಅವನು ತಡವರಿಸಿದ್ದ. ಈ ಸಲ ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು: ನಮ್ಮ ಮನೆತನದೊಳಗ ಹಿಂಗ ಯಾರೂ ಇಲ್ರಿ, ಇದು ರಕ್ತದಾಗಿಂದಲ್ಲ. ಯಾವುದರಿಂದ ಎಂದು ಅವರು ಕೇಳಿದರೆ ಅದನ್ನೂ ಹೇಳಿಬಿಡಬೇಕೆಂದುಕೊಂಡಿದ್ದ. ತನ್ನ ತಪ್ಪು ತಮ್ಮನ ಉಪಯೋಗಕ್ಕೆ ಬರುವ ಜಾಗ ಇದೊಂದೇ.

ಕಿಟಕಿಯ ಗಾಜಿಗೆ ಯುದ್ಧದ ದಿನಗಳಲ್ಲಿ ದೀಪದ ಬೆಳಕು ಹೊರಗೆ ಬೀಳದಿರಲೆಂದು ಅಂಟಿಸಿದ ಕಂದು ಕಾಗದವನ್ನು, ಯುದ್ಧ ಮುಗಿದು ಎರಡು ತಿಂಗಳಾದರೂ ಯಾರೂ ಕಿತ್ತಿರಲಿಲ್ಲ. ಅದರ ಮೂಲಕ ಬರುವ ಬೆಳಕಿನಲ್ಲಿ ಬೈಕುಲ್ಲಾದ ಚಾಳಿನ ಆ ಒಂದೇ ಕೋಣೆ, ಆಚೆ ಗೋಡೆಯ ಮೂಲೆಗೆ ಕೈಕಾಲು ತೊಳೆಯುವ ಮೋರಿ, ಅದರ ಪಕ್ಕದ ನೀರಿನ ಕೊಡ, ಅಕ್ಕಿ ಆರಿಸುತ್ತ ಕುಳಿತ ತಾಯಿ ನಾಗವ್ವ, ಎಲ್ಲವೂ ಚಹದ ಬಣ್ಣಕ್ಕೆ ತಿರುಗಿದ್ದವು. ಗಂಡ ಸತ್ತವಳು ಇಂಥ ಕಾರ್ಯಕ್ಕೆ ಬರಬಾರದೆಂದು ಅವಳಾಗಿಯೇ ಹಿಂದುಳಿದಿದ್ದಳು. “ಕೊಟ್ಟಿದ್ದ ತಿನ್ರಿ, ಕೇಳಿದ್ದಷ್ಟ ಹೇಳ್ರಿ,” ಎಂದಳು ಮೊರದಿಂದ ಕಣ್ಣೆತ್ತದೆ. “ಅಣ್ಣಾ, ನಿನಗ ಹೇಳಿದ್ದು.” ಹಿರಿಯ ಮಗನನ್ನು ಅವಳು ಗಂಡ ಸತ್ತಂದಿನಿಂದ ಚಂದ್ರಾಮನ ಹಾಗೆಯೇ ಅಣ್ಣಾ ಎಂದು ಕರೆಯುತ್ತಿದ್ದಳು. ಬಾಗಿಲು ದಾಟುವಾಗ ಅವನ ಕೈ ಚೌಕಟ್ಟಿನ ಒಂದು ಜಾಗವನ್ನು ಮುಟ್ಟಿತು. ಬಣ್ಣದ ಕೆಳಗೆ ಅಲ್ಲಿ ಪೆನ್ಸಿಲಿನ ಗೀರುಗಳಿದ್ದವು. ಚಂದ್ರಾಮ ಐದರವನಿದ್ದಾಗಿನಿಂದ, ಯಾರೂ ಇಲ್ಲದಾಗ ಅವನನ್ನು ಚೌಕಟ್ಟಿಗೆ ಒತ್ತಿ ನಿಲ್ಲಿಸಿ ಅಣವೀರಪ್ಪ ಗೀರು ಹಾಕುತ್ತಿದ್ದ. ಗೀರುಗಳು ಹದಿಮೂರನೇ ವರ್ಷದ ತನಕ ಒಂದರ ಮೇಲೊಂದು ಏರಿ, ಆಮೇಲೆ ಒಂದೇ ಜಾಗದಲ್ಲಿ ಬಿದ್ದು ದಪ್ಪಗಾದವು. ಸುಣ್ಣ ಬಣ್ಣ ಆದಾಗೆಲ್ಲ ಆ ದಪ್ಪ ಗೀರನ್ನು ಅವನು ಮತ್ತೆ ಬರೆದಿದ್ದ. ಕೊನೆಗೆ ಬರೆಯುವುದನ್ನು ಬಿಟ್ಟ. ಕೈಗೆ ಗೊತ್ತಿತ್ತು.

ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಒಂದು ಜಾಗ ಸಿಕ್ಕಿತು. ಅಣವೀರಪ್ಪ ಮೈ ಅಡ್ಡ ಹಾಕಿ ಅದನ್ನು ಹಿಡಿದು “ಕೂಡು” ಎಂದ. “ನೀ ಕೂಡು.” “ನೀ ಕೂಡೋ.” ಚಂದ್ರಾಮ ಉಸಿರುಬಿಟ್ಟು ಕುಳಿತ. ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡು, ಚಿಂಚ್‌ಪೋಕ್ಳಿಯ ಮಿಲ್ಲಿನ ಚಿಮಣಿಗಳ ಕಡೆ ನೋಡುತ್ತ, “ನನಗ ಎಂಬತ್ತ ವಯಸ್ಸಾದ್ರೂ ಇಂವ ಕಿಟಕಿ ಹಿಡಿತಾನ,” ಎಂದು ಎದುರಿನ ಅಪರಿಚಿತನಿಗೆ ಹಿಂದಿಯಲ್ಲಿ ಹೇಳಿ ನಗಿಸಿದ. ಅವನು ಹಾಗೆಯೇ. ಬೈಕುಲ್ಲಾದಲ್ಲಿ ಫ್ಯಾನು, ಮೋಟರು ರಿಪೇರಿ ಮಾಡುವ ಸಣ್ಣ ಅಂಗಡಿಯೊಂದರಲ್ಲಿ ಅವನಿಗಿಂತ ದೊಡ್ಡ ಕೈ ಇರಲಿಲ್ಲ. ಯಾರು ಏನೆಂದರೂ ಅವರಿಗಿಂತ ಮೊದಲೇ ತನ್ನ ಬಗ್ಗೆ ತಾನು ನಕ್ಕುಬಿಡುತ್ತಿದ್ದ. ಆ ನಗು ಪ್ರತಿಸಲ ಅಣವೀರಪ್ಪನನ್ನು ಒಳಗೆ ಎಲ್ಲೋ ಗೀರುತ್ತಿತ್ತು. ಕಂಬಿ ಹಿಡಿದು ನಿಂತವನ ಕಣ್ಣ ಕೆಳಗೆ ತಮ್ಮನ ಎಣ್ಣೆ ಹಚ್ಚಿದ ಬೈತಲೆ, ಬೈತಲೆಯ ಕೊನೆಗೆ ಸುಳಿ. ಇದೇ ಸುಳಿ ಅಂದು ಚಾಪೆಯ ಮೇಲೆ ಬೆವೆತು ಅಂಟಿಕೊಂಡಿತ್ತು.

ಆಗ ಅಣವೀರಪ್ಪನಿಗೆ ಹನ್ನೆರಡು. ಅದೇ ಕೋಣೆ. ಅಪ್ಪ, ಕಾಕಾ, ಊರಿನಿಂದ ಬಂದ ಇನ್ನಿಬ್ಬರು ಮಿಲ್ಲಿನ ರಾತ್ರಿಪಾಳಿ ಮುಗಿಸಿ ಹಗಲೆಲ್ಲ ಸಾಲಾಗಿ ಮಲಗುತ್ತಿದ್ದರು. ನೆಲ ಕಾಣಿಸುತ್ತಿದ್ದುದು ಗೋಡೆಯ ಗುಂಟ ಒಂದು ಗೇಣು ಮಾತ್ರ. ಆ ಗೇಣಿನಲ್ಲಿ ಬೆನ್ನನ್ನು ಗೋಡೆಗೆ ಉಜ್ಜಿಕೊಂಡು ನಡೆಯುವುದನ್ನು ಅವನು ಓದು ಬರಹಕ್ಕಿಂತ ಮೊದಲು ಕಲಿತಿದ್ದ. ದೊಡ್ಡವರನ್ನು ದಾಟಿದರೆ ಪಾಪ. ಸಣ್ಣವರನ್ನು ದಾಟಿದರೆ ಅವರು ಬೆಳೆಯುವುದಿಲ್ಲ. ಮರೆತು ದಾಟಿದರೆ, ಅವರು ಏಳುವುದರೊಳಗೆ ಹೊಳ್ಳಿ, ಬಂದ ಕಡೆಗೇ ತಿರುಗಿ, ದಾಟಬೇಕು. ಎದ್ದ ಮೇಲೆ ಮುಗಿಯಿತು. ಇದನ್ನು ಹೇಳಿದವಳು ಪಕ್ಕದ ಕೋಣೆಯ ಮುದುಕಿ ಹನುಮವ್ವ. ಅವಳು ಹೇಳಿದ್ದು ಬೆಂಕಿ ಸುಡುತ್ತದೆ ಎನ್ನುವ ಧಾಟಿಯಲ್ಲಿ. ಆ ಬೇಸಿಗೆ ಚಂದ್ರಾಮನಿಗೆ ಜ್ವರ. ಐದು ವರ್ಷದವನು ಮೋರಿಯ ದಾರಿಗೆ ಅಡ್ಡ ಮಲಗಿದ್ದ. ಶಾಲೆಯ ಹುಡುಗರೆಲ್ಲ ರಾಣಿಬಾಗಿಗೆ ಹುಲಿ ನೋಡಲು ಹೋದ ದಿನ ಅಣವೀರಪ್ಪನನ್ನು ತಮ್ಮನ ಕಾವಲಿಗೆ ಕೂಡಿಸಿ ಅವ್ವ ನಲ್ಲಿಗೆ ಹೋಗಿದ್ದಳು. ಜ್ವರದವನಿಗೆಂದು ತಂದ ಮೋಸಂಬಿಯ ಸಿಪ್ಪೆ ಬಟ್ಟಲಲ್ಲಿತ್ತು. ಅದರ ವಾಸನೆ ಮೂಗಿಗೆ ಬಂದಾಗ ಅವನು ಎದ್ದು ನಿಂತ. ಗೋಡೆಯ ಗುಂಟ ಹೋಗಲಿಲ್ಲ. ಬಲಗಾಲು ಎತ್ತಿ, ತಮ್ಮನ ಎದೆಯ ಮೇಲೆ ಒಂದು ಕ್ಷಣ ಹಿಡಿದು, ಆ ಕಡೆ ಇಟ್ಟ. ಆಮೇಲೆ ಎಡಗಾಲು. ಏನೂ ಆಗಲಿಲ್ಲ. ಚಂದ್ರಾಮ ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿದ. ಹೊಳ್ಳಿ ದಾಟುತ್ತೇನೆ, ಸ್ವಲ್ಪ ಹೊತ್ತು ಇರಲಿ ಎಂದುಕೊಂಡು ಅವನು ಮೋರಿಯ ಕಟ್ಟೆಯ ಮೇಲೆ ಕುಳಿತ. ಆ ಸ್ವಲ್ಪ ಹೊತ್ತಿನ ಸುಖ ಇವತ್ತಿಗೂ ಅವನಿಗೆ ನೆನಪಿದೆ. ಅಷ್ಟರಲ್ಲಿ ಅವ್ವ ಕೊಡ ಹೊತ್ತು ಬಂದಳು. ಮೈ ಮುಟ್ಟಿ ನೋಡಿ, ಬೆವರು ಬಿಟ್ಟಿತೆಂದು ಚಂದ್ರಾಮನನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಚಾಪೆ ಖಾಲಿಯಾಯಿತು.

ಅವನು ಬಿ.ಎ. ಮಾಡಿದವನು, ಸಂಜೆಯ ಕಾಲೇಜಿಗೆ ಆರು ವರ್ಷ ಹೋಗಿ. ಮಲಗಿದವನನ್ನು ದಾಟಿದರೆ ಬೆಳವಣಿಗೆ ನಿಲ್ಲುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದ. ಯಾರೂ ಕೇಳಲಿಲ್ಲ. ತಾನೂ ಕೇಳಿಕೊಳ್ಳಲಿಲ್ಲ. ಅದನ್ನು ನಂಬಿಕೆಯೆಂದು ತಿಳಿದಿದ್ದರೆ ಅಲ್ಲವೇ ಪರೀಕ್ಷಿಸುವುದು? ತನ್ನ ಮೊಣಕೈ ಮೇಲಿನ ಗಾಯದ ಕಲೆಯನ್ನು ಯಾರು ಪರೀಕ್ಷಿಸುತ್ತಾರೆ? ಅದು ನಡೆದದ್ದು. ಗೀರುಗಳು ನಿಂತದ್ದೂ ನಡೆದದ್ದೇ. ನಡುವೆ ಬೇಕಾದಷ್ಟು ಪುಸ್ತಕ ಓದಿದ. ಅವೆಲ್ಲ ತಲೆಯ ಬೇರೊಂದು ಕೋಣೆಗೆ ಹೋಗಿ ಕುಳಿತವು. ತಮ್ಮನಿಗೆ ಒಂದು ಮನೆಯಾಗುವ ತನಕ ತನಗೆ ಬೇಡ ಎಂದು ಅವನು ಗಟ್ಟಿಯಾಗಿ ಯಾರ ಮುಂದೆಯೂ ಹೇಳಿರಲಿಲ್ಲ. ಕೆಳಗಿನ ಮಹಡಿಯಲ್ಲಿದ್ದ ಕನ್ನಡ ಶಾಲೆಯ ಟೀಚರು ನೀಲಾವತಿ ಎರಡು ವರ್ಷ ಕಾದಳು. ಒಂದು ಸಂಜೆ ಮೆಟ್ಟಿಲ ಮೇಲೆ ನಿಂತು, “ಏನರ ಅನ್ರಿ,” ಎಂದಳು. ಅವನು ಏನೂ ಅನ್ನಲಿಲ್ಲ. ಅವಳು ಈಗ ಬೊರಿವಲಿಯಲ್ಲಿದ್ದಾಳೆ, ಇಬ್ಬರು ಮಕ್ಕಳು.

ಘಾಟ್ಕೋಪರಿನ ಮನೆ ಹೊಸ ಬಿಲ್ಡಿಂಗಿನ ಮೂರನೇ ಮಹಡಿ. ಹುಡುಗಿಯ ತಂದೆ ಸಿದ್ದರಾಮಪ್ಪ ಬಿಜಾಪುರದ ಕಡೆಯವರು, ಬಟ್ಟೆಯ ವ್ಯಾಪಾರಿ, ಮಾತು ತೂಗಿ ಆಡುವವರು. “ಬರ್ರಿ, ಬರ್ರಿ. ಗಾಡಿ ಖಾಲಿ ಇದ್ದೂ ಏನ್ರಿ?” ಎನ್ನುತ್ತ ಅವರ ಕಣ್ಣು ಅಣ್ಣನ ಮೇಲಿಂದ ತಮ್ಮನ ಮೇಲಿಳಿದು ಒಂದು ಕ್ಷಣ ಅಲ್ಲಿ ನಿಂತಿತು. ಹಾಲ್‌ನ ಮಂಚದ ಮೇಲೆ ಅವರ ತಾಯಿ ಶರಣವ್ವ ಕಾಲು ಮಡಿಚಿ ಕುಳಿತಿದ್ದಳು. ಒಂದು ಕಣ್ಣಿಗೆ ಪೊರೆ ಬಂದಿತ್ತು. ತಲೆಯ ಮೇಲೆ ಫ್ಯಾನು ಟಕ್ ಟಕ್ ಎನ್ನುತ್ತಿತ್ತು. ಹುಡುಗಿ ಸೇವಂತಿ ಉಪ್ಪಿಟ್ಟಿನ ತಾಟು ತಂದಿಟ್ಟು ಅಜ್ಜಿಯ ಪಕ್ಕ ನಿಂತಳು. ಕೇಳಿದ್ದಕ್ಕೆಲ್ಲ ಹೂಂ, ಇಲ್ಲ ಎನ್ನುತ್ತಿದ್ದಳು. ಚಂದ್ರಾಮ ಹುಡುಗಿಯನ್ನು ನೋಡುವುದು ಬಿಟ್ಟು ಮೇಲೆ ನೋಡುತ್ತಿದ್ದ.

“ಬೇರಿಂಗ್ ಹೋಗೇತ್ರಿ,” ಎಂದ.

“ಒಂದ ವರ್ಷ ಆತು ಆವಾಜ್ ಮಾಡಾಕ ಹತ್ತಿ,” ಎಂದಳು ಸೇವಂತಿ, ಮೊದಲ ಸಲ ಪೂರ್ತಿ ವಾಕ್ಯ ಆಡಿ. “ಯಾರೂ ಬರಂಗಿಲ್ಲ. ಮೇಲಿಂದ ಮೇಲೆ ಕಲ್, ಪರಸೋಂ ಅಂತಾರ.”

“ಬರೋ ಐತವಾರ ನಾನ ತರ್ತೀನಿ. ಸ್ಟೂಲ್ ಐತೇನ್ರಿ ಮನ್ಯಾಗ? ನನಗಂತ ಅಲ್ಲ. ಫ್ಯಾನ್ ಬಿಚ್ಚಾಕ ಆರ ಫೂಟಿನ ಮನಶ್ಯಾಗೂ ಸ್ಟೂಲ್ ಬೇಕ.”

ಸೇವಂತಿ ಸೆರಗನ್ನು ಬಾಯಿಗೆ ಹಿಡಿದಳು. “ಐತ್ರಿ,” ಎಂದಳು. ಆ ಕ್ಷಣ ಸಂಬಂಧ ಕೂಡಿಯೇ ಹೋದ ಹಾಗೆ ಅಣವೀರಪ್ಪನಿಗೆ ಅನಿಸಿತು. ಚಹದ ಬಸಿ ಅವನ ಕೈಯಲ್ಲಿತ್ತು. ಸಿದ್ದರಾಮಪ್ಪ ಗಂಟಲು ಸರಿಮಾಡಿಕೊಂಡು, ತಮ್ಮನಿಗೆ ಕೇಳಿಸದ ಹಾಗೆ ಎಂಬಂತೆ ಅವನ ಕಡೆ ವಾಲಿದರು. ಆದರೆ ಅಷ್ಟು ಸಣ್ಣ ಹಾಲ್‌ನಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು.

“ತಪ್ಪ ತಿಳ್ಕೋಬ್ಯಾಡ್ರಿ ಅಣವೀರಪ್ಪನವರ. ಹುಡುಗ ಛಲೋ ಅದಾನ. ಒಂದ ಮಾತು. ನಿಮ್ಮ ಮನೆತನದಾಗ ಹಿಂಗ... ಎತ್ತರದ್ದು... ಯಾರರ ಇದ್ರೇನ್ರಿ?”

“ಯಾರೂ ಇಲ್ರಿ,” ಎಂದ ಅಣವೀರಪ್ಪ. ವಾರದಿಂದ ಕಾದಿದ್ದ ವಾಕ್ಯ ತೊದಲದೆ ಬಂತು. “ಇದು ರಕ್ತದಾಗಿಂದಲ್ಲ. ನಮ್ಮಪ್ಪ ಆರ ಫೂಟ್ ಇದ್ದ. ನನ್ನ ನೀವ ನೋಡ್ತೀರಿ. ಹಿಂದ ಯಾರೂ ಇಲ್ಲ, ಮುಂದೂ ಆಗಂಗಿಲ್ಲ. ಅದು ನಾನು ಬರದಕೊಡ್ತೀನಿ.”

“ಗೋಕಾಕದವರಲ್ಲ ನೀವು?” ಎಂದಳು ಮಂಚದ ಮೇಲಿನ ಮುದುಕಿ. “ನಿಮ್ಮವ್ವ ಯಾ ಊರಾಕಿ?”

“ಇಂಡಿ ಕಡೆಯಾಕ್ರೀ. ನಾಗವ್ವ ಅಂತ.”

ಶರಣವ್ವ ಮಂಚದಿಂದ ಕಾಲು ಇಳಿಬಿಟ್ಟಳು. “ಇಲ್ಲಿ ಬಾ ತಮ್ಮಾ,” ಎಂದು ಚಂದ್ರಾಮನನ್ನು ಹತ್ತಿರ ಕರೆದು ಅವನ ಹೆಗಲು, ತೋಳು ಮುಟ್ಟಿ ನೋಡಿದಳು. “ಬಾಗಲಾಗ ಬಂದಾಗನ ಅಂದ್ಕೊಂಡೆ. ಇಂವ ಮುರಿಗೆಪ್ಪನ ಮಗಳ ಮಗ. ಸಿದ್ದರಾಮಾ, ನಮ್ಮ ತವರಮನಿ ಬಾಜೂಕ ಇದ್ದ ಮುರಿಗೆಪ್ಪ. ಗಿಡ್ಡ ಮುರಿಗೆಪ್ಪ ಅಂತಿದ್ವಿ. ಊರಾಗ ಜ್ವಾಳ ತುಂಬಿದ ಹಗೇವು ತಗೀಬೇಕಂದ್ರ ಅಂವ ಬೇಕು. ದೊಡ್ಡ ಮನಶ್ಯಾರು ಆ ಬಾಯಾಗ ಎಲ್ಲಿ ಇಳೀತಾರ? ಇಂವ ಮೊದಲ ಕಂದೀಲ ಬಿಟ್ಟು, ಅದು ಆರಲಿಲ್ಲಂದ್ರ ಹಗ್ಗ ಹಿಡದು ಇಳದು, ನೆಲದಾಗಿಂದ ಚೀಲಗಟ್ಟಲೆ ಜ್ವಾಳ ಮ್ಯಾಲ ಕಳಿಸಾಂವ. ಅವನ ತಮ್ಮನೂ ಹಂಗ, ಅವರಪ್ಪನೂ ಹಂಗ. ಗಿಡ್ಡ ಮಂದಿ, ಖರೇ ಮಂದಿ.” ಅವಳು ಬಿಳಿ ಕಣ್ಣನ್ನು ಅಣವೀರಪ್ಪನ ಕಡೆ ತಿರುಗಿಸಿದಳು. “ಯಾರೂ ಇಲ್ಲ ಅಂತೀಯಲ್ಲೋ ಯಪ್ಪಾ. ಅಜ್ಜನ ಹೆಸರ ಹೇಳಾಕ ನಾಚಿಕಿ ಏನು?”

ಬಸಿಯಲ್ಲಿದ್ದ ಚಹ ಅಂಚಿಗೆ ಬಂದು ಬೆರಳು ಸುಟ್ಟಿತು. ಅವನು ಬಸಿಯನ್ನು ಕೆಳಗಿಡಲಿಲ್ಲ. ಸಿದ್ದರಾಮಪ್ಪ ನೆಲ ನೋಡುತ್ತ ನಿಧಾನವಾಗಿ ಹೇಳಿದರು, “ಗಿಡ್ಡ ಇದ್ರ ನಡೀತಿತ್ರಿ. ನಮ್ಮ ಹುಡುಗಿ ನೋಡಿದ್ರಲ್ಲ, ನಕ್ಕಳು. ಮುಚ್ಚಿಡೂದು ಯಾಕ ಬೇಕಿತ್ತು?” ಫ್ಯಾನು ಟಕ್ ಟಕ್ ಎಂದಿತು. ಸೇವಂತಿ ತಾಟು ಎತ್ತಿಕೊಂಡು ಒಳಗೆ ಹೋದಳು. ನನಗೆ ಗೊತ್ತಿರಲಿಲ್ಲ ಎಂದು ಹೇಳಬೇಕಿತ್ತು. ಸ್ವಂತ ತಾಯಿಯ ತಂದೆಯ ವಿಷಯ ಮೂವತ್ತಾರು ವರ್ಷ ಗೊತ್ತಿರಲಿಲ್ಲ ಎಂಬ ಮಾತು ಸುಳ್ಳಿಗಿಂತ ದೊಡ್ಡ ಸುಳ್ಳಾಗಿ ಕೇಳಿಸುತ್ತದೆಂದು ನಾಲಿಗೆ ಏಳಲಿಲ್ಲ. ಅವನು ತಲೆಯೆತ್ತಿದಾಗ ಚಂದ್ರಾಮ ಅವನನ್ನೇ ನೋಡುತ್ತಿದ್ದ. ಆ ಮುಖದಲ್ಲಿ ನಗು ಇರಲಿಲ್ಲ. “ಹೇಳಿ ಕಳಿಸ್ತೀವ್ರಿ,” ಎಂದರು ಸಿದ್ದರಾಮಪ್ಪ, ಬಾಗಿಲಲ್ಲಿ.

ಸ್ಟೇಷನ್ನಿನ ತನಕ ಚಂದ್ರಾಮ ಮುಂದೆ ನಡೆದ. ಮಧ್ಯಾಹ್ನದ ಗಾಡಿ ಖಾಲಿಯಿತ್ತು; ಕಿಟಕಿ ಹಿಡಿಯುವ ಕೆಲಸವೇ ಇರಲಿಲ್ಲ. ಅವರು ಎದುರುಬದುರು ಕುಳಿತರು. ವಿದ್ಯಾವಿಹಾರ ದಾಟಿದ ಮೇಲೆ ಚಂದ್ರಾಮ ಕೇಳಿದ, “ನಾಚಿಕಿ ಬಂತೇನು?”

“ಇಲ್ಲ.”

“ಮತ್ತ್ಯಾಕ ಸುಳ್ಳ ಹೇಳಿದಿ?”

“ಸುಳ್ಳಲ್ಲ.” ಅಣವೀರಪ್ಪ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡ. ಆಮೇಲೆ ಹೇಳಿದ. ಚಾಪೆ, ಜ್ವರ, ಮೋಸಂಬಿ ಸಿಪ್ಪೆ, ಬಲಗಾಲು, ಎಡಗಾಲು, ಅವ್ವ ಎತ್ತಿಕೊಂಡದ್ದು, ಗೀರುಗಳು. ಇಪ್ಪತ್ತನಾಲ್ಕು ವರ್ಷ ಒಳಗೆ ಅಷ್ಟು ದೊಡ್ಡದಾಗಿದ್ದದ್ದು ಕುರ್ಲಾ ಬರುವುದರೊಳಗೆ ಮುಗಿದುಹೋಯಿತು. ಹೇಳುತ್ತಿದ್ದಾಗಲೇ ಅದು ಹಾಸ್ಯಾಸ್ಪದವೆಂದು ಅವನ ಕಿವಿಗೇ ಕೇಳಿಸಿತು. ಚಂದ್ರಾಮ ಮೊದಲು ಬಾಯಿ ತೆರೆದ, ಆಮೇಲೆ ನಕ್ಕ. ಹೊಟ್ಟೆ ಹಿಡಿದು, ಬೆಂಚನ್ನು ಬಡಿದು ನಕ್ಕ. “ದಾಟಿದ್ದಕ್ಕ? ಅಣ್ಣಾ, ಆ ಖೋಲಿಯೊಳಗ ನನ್ನ ದಾಟಲಾರದಾಂವ ಯಾಂವ ಇದ್ದ? ನೀರ ತರಾವ್ರು, ಡಬ್ಬಿ ಒಯ್ಯಾವ್ರು, ಅಪ್ಪ ದಾಟಿದ, ಕಾಕಾ ದಾಟಿದ, ಬೆಕ್ಕ ದಾಟಿತ್ತು. ನಿನ್ನ ದಾಟಿಲ್ಲೇನು? ನೀ ಯಾಕ ತೆಂಗಿನಮರ ಆದಿ?” ಆಚೆ ಬೆಂಚಿನ ಹೆಂಗಸು ತಿರುಗಿ ನೋಡಿದಳು. ಅಣವೀರಪ್ಪನೂ ನಗಲು ಪ್ರಯತ್ನಿಸಿದ. ಹಗುರಾಗಬೇಕಿತ್ತು, ಬದಲಿಗೆ ಕಾಲ ಕೆಳಗೆ ಏನೋ ಇಲ್ಲದಂತಾಯಿತು.

ಸಾಯನ್ ಹತ್ತಿರ ಚಂದ್ರಾಮನ ನಗು ನಿಂತಿತು. ಅವನು ಹೊರಗೆ ನೋಡುತ್ತಿದ್ದ, ಉಪ್ಪಿನ ವಾಸನೆಯ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು.

“ಕನ್ನಡಿ?” ಎಂದ.

ಅಣವೀರಪ್ಪ ತನ್ನ ಮೊಣಕಾಲುಗಳನ್ನು ನೋಡಿಕೊಂಡ.

“ಕಿಟಕಿ ಹಿಡಿಯೂದು? ಮೊದಲ ರೊಟ್ಟಿ ನನ್ನ ತಾಟಿಗೆ ಹಾಕೂದು? ನಾ ಬಂದ ಕೂಡಲೆ ಎಲ್ಲಿದ್ದಲ್ಲಿ ಕೂತಬಿಡ್ತಿ. ನೀ ನನ್ನ ಜೋಡಿ ನಿಂತ ಮಾತಾಡಿದ್ದು ನನಗ ನೆನಪಿಲ್ಲ. ನೀಲಾವತಿ ಟೀಚರ್ನ ಬಿಟ್ಟಿದ್ದೂ ಇದಕ್ಕ?”

“ಚಂದ್ರಾ...”

“ಸಾಲಿಯೊಳಗ ಹುಡುಗ್ರು ಗಿಡ್ಡ ಅಂತ ಕಾಡಿದ್ರ ನಾ ಏನ ಅಂತಿದ್ದೆ ಗೊತ್ತೇನು? ನಿಮಗ ನಮ್ಮಣ್ಣನಂಥಾ ಅಣ್ಣ ಅದಾನೇನ್ರೋ ಅಂತಿದ್ದೆ. ಅವರು ಬಾಯಿ ಮುಚ್ಚತಿದ್ರು.” ಅವನ ದನಿ ತಗ್ಗಿತು. “ನನ್ನ ಮ್ಯಾಲ ಜೀವ ಐತಿ ಅಂತ ತಿಳದಿದ್ದೆ ನಾ. ಅದೆಲ್ಲಾ ದಂಡ ಕಟ್ಟಿದ್ದೇನು?”

ಇದಕ್ಕೆ ಉತ್ತರ ಇದ್ದೇ ಇರಬೇಕು. ಅಣವೀರಪ್ಪ ಒಳಗೆಲ್ಲ ಹುಡುಕಿದ. ಜ್ವರ ಬಂದಾಗ ರಾತ್ರಿಯಿಡೀ ಬಟ್ಟೆ ಒದ್ದೆ ಮಾಡಿ ಹಾಕಿದ್ದು, ತಾನು ಮೊದಲ ಸಂಬಳ ತಂದ ದಿನ ತಮ್ಮ ಇರಾನಿ ಹೋಟೆಲ್ಲಿನಲ್ಲಿ ಬ್ರೆಡ್ಡನ್ನು ಚಹದಲ್ಲಿ ಅದ್ದಿ ತಿನ್ನುವುದನ್ನು ನೋಡುತ್ತ ಕುಳಿತದ್ದು. ಒಂದೊಂದನ್ನೂ ಎತ್ತಿ ನೋಡಿದರೆ ಅದರ ಕೆಳಗೆ ಆ ಬಲಗಾಲು ಇತ್ತು. ಭಯ ಎಲ್ಲಿಗೆ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತಿತ್ತು? ಎರಡನ್ನೂ ಅವನು ಒಮ್ಮೆಯಾದರೂ ಬಿಡಿಬಿಡಿಯಾಗಿ ನೋಡಿರಲಿಲ್ಲ. ಇಲ್ಲ ಎಂದರೆ ಸುಳ್ಳಾಗಬಹುದು, ಹೌದೆಂದರೆ ಅದಕ್ಕಿಂತ ದೊಡ್ಡ ಸುಳ್ಳು. ಬೆಳಿಗ್ಗೆ ಅವನ ಬಳಿ ಒಂದು ಪಾಪವಿತ್ತು, ತಮ್ಮನ ಬಳಿ ಒಬ್ಬ ಅಣ್ಣನಿದ್ದ. ಈಗ ದಾದರಿನ ಗದ್ದಲದಲ್ಲಿ ಎರಡೂ ಯಾರದೋ ಕಾಲಿಗೆ ಸಿಕ್ಕಿಹೋದ ಹಾಗಿತ್ತು. ಬೈಕುಲ್ಲಾದಲ್ಲಿ ಚಂದ್ರಾಮ ಹಿಂತಿರುಗಿ ನೋಡದೆ ಇಳಿದ. ಪ್ಲಾಟ್‌ಫಾರ್ಮಿನ ಜನರಲ್ಲಿ ಅವನನ್ನು ಹುಡುಕಲು ಅಣವೀರಪ್ಪ ಬೆನ್ನು ನೆಟ್ಟಗೆ ಮಾಡಿ ಎಲ್ಲರ ತಲೆಗಳ ಮೇಲಿಂದ ನೋಡಿದ. ಎಲ್ಲರೂ ಕಂಡರು, ಅವನೊಬ್ಬ ಕಾಣಲಿಲ್ಲ.

ಅವನು ಸೇತುವೆಯ ಮೇಲೆ ಬಹಳ ಹೊತ್ತು ನಿಂತು, ಚಾಳಿನ ಮೆಟ್ಟಿಲು ಹತ್ತಿ ಬಂದಾಗ ಅವ್ವ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

“ಯವ್ವಾ, ನಿಮ್ಮಪ್ಪ ಗಿಡ್ಡ ಇದ್ನೇನು?”

“ಹೂಂ. ಯಾಕ? ಚಂದ್ರಾಮನೂ ಬಂದಾವನ ಅದನ್ನ ಕೇಳಿದ.”

“ನನಗ ಯಾಕ ಹೇಳಿಲ್ಲ?”

“ನೀ ಹುಟ್ಟೂದ್ರಾಗ ಅಂವ ಹೋಗಿದ್ದ. ನೀ ಕೇಳಲಿಲ್ಲ.” ಹಗ್ಗಕ್ಕೆ ಕೈ ನಿಲುಕದೆ ಅವಳು ಹಿಮ್ಮಡಿ ಎತ್ತಿ ಸೀರೆಯನ್ನು ಎಸೆದಳು, ಅದು ಜಾರಿ ಬಂತು. “ಮತ್ತ ಅದೇನ ಹೇಳೂದು? ನೀ ನನ್ನ ನೋಡಿಲ್ಲೇನು?”

ಅವನು ನೋಡಿದ. ಅವಳ ತಲೆ ಅವನ ಎದೆಯ ಗುಂಡಿಯ ತನಕ ಬರುತ್ತಿತ್ತು. ಅವಳ ಕೈಯಿಂದ ಸೀರೆ ಇಸಿದುಕೊಂಡು ಹಗ್ಗದ ಮೇಲೆ ಹಾಕಿದ. ಕೈ ನಿಲುಕಿದ ವಯಸ್ಸಿನಿಂದ ಅವನು ಅದೇ ಹಗ್ಗಕ್ಕೆ ಅವಳ ಸೀರೆ ಹಾಕಿಕೊಡುತ್ತ ಬಂದಿದ್ದ.

ಒಳಗೆ ಚಂದ್ರಾಮ ಚಾಪೆ ಹಾಸಿ ಮಲಗಿದ್ದ. ಗೋಡೆಯ ಗುಂಟ ಅಲ್ಲ. ನೀರಿನ ಕೊಡಕ್ಕೂ ಬಾಗಿಲಿಗೂ ನಡುವೆ, ಅಡ್ಡಡ್ಡ, ತಲೆ ಒಂದು ಗೋಡೆಗೆ ತಾಗಿತ್ತು, ಕಾಲ ಬಳಿ ಟ್ರಂಕು ಎಳೆದು ಇಟ್ಟುಕೊಂಡಿದ್ದ. ಒಂದು ಗೇಣೂ ಉಳಿದಿರಲಿಲ್ಲ. ಕಣ್ಣು ಮುಚ್ಚಿದ್ದವು. ಅಣವೀರಪ್ಪ ಅವನ ಹತ್ತಿರ ಬಂದು ನಿಂತ. ನೀರಿನ ಕೊಡ ಆಚೆಗಿತ್ತು.

“ಎದ್ದ ದಾರಿ ಬಿಡೋ,” ಎಂದಳು ನಾಗವ್ವ ಹೊರಗಿನಿಂದ. “ಅವಗ ನೀರ ಬೇಕಾಗೇತಿ.”

“ದಾಟಿ ಬರಲಿ,” ಎಂದ ಚಂದ್ರಾಮ, ಕಣ್ಣು ತೆರೆಯದೆ.

ಅಣವೀರಪ್ಪ ನಿಂತೇ ಇದ್ದ. ತಮ್ಮನ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಇದರಲ್ಲಿ ಏನೂ ಇಲ್ಲವೆಂದು ಈಗ ಅವನಿಗೆ ಗೊತ್ತಿತ್ತು. ಅಷ್ಟಾದರೂ ಬಲಗಾಲು ನೆಲಕ್ಕೆ ಅಂಟಿಕೊಂಡಿತ್ತು. ಕೊನೆಗೆ ಅದನ್ನು ಎತ್ತಿದ. ಒಂದು ಕ್ಷಣ ಅದು ಆ ಎದೆಯ ಮೇಲೆ ನಿಂತಿತು. ಆ ಕಡೆ ಇಟ್ಟ, ಆಮೇಲೆ ಎಡಗಾಲು. ಮೈಯೆಲ್ಲ ಹಿಂದಕ್ಕೆ ಎಳೆಯಿತು. ಹೊಳ್ಳಿ ದಾಟು, ಏಳುವುದರೊಳಗೆ ಹೊಳ್ಳಿ ದಾಟು ಎಂದು ಹಿಮ್ಮಡಿಗಳು ಉರಿದವು.

“ಹೊಳ್ಳಿ ಬರಬ್ಯಾಡ,” ಎಂದ ಚಂದ್ರಾಮ.

ಅವನು ಅಲ್ಲೇ ನಿಂತ.

“ಐತವಾರ ಬೇರಿಂಗ್ ತಗೊಂಡ ಹೊಕ್ಕೀನಿ. ನಮ್ಮಣ್ಣ ಸುಳ್ಳ ಹೇಳಲಿಲ್ರಿ, ಹುಚ್ಚ ಅದಾನ ಅಂತ ಹೇಳ್ತೀನಿ. ಮುದುಕಿ ನಂಬತಾಳ.” ಅವನು ಕಾಲನ್ನು ಟ್ರಂಕಿಗೆ ಒತ್ತಿದ. “ನೀ ಬರಬ್ಯಾಡ. ನೀ ನಿನಗೇನ ಬೇಕು ಅದನ್ನ ಮಾಡು. ನನಗಂತ ಏನೂ ಮಾಡಬ್ಯಾಡ, ಒಂದಿಷ್ಟ ದಿನ. ಆಮ್ಯಾಲೂ ಏನರ ಮಾಡಬೇಕನಸಿದ್ರ, ಆವಾಗ ಮಾಡು. ಆವಾಗ ಗೊತ್ತಾಕೈತಿ.”

ಅಣವೀರಪ್ಪ ಕೊಡದಿಂದ ತಂಬಿಗೆ ಅದ್ದಿ ನೀರು ಕುಡಿದ. ಗಂಟಲಲ್ಲಿ ಇಳಿಯುವ ಸದ್ದು ತನಗೇ ಕೇಳಿಸಿತು. ಎದುರಿಗೆ ಕನ್ನಡಿ. ಮೊಣಕಾಲು ಮಡಿಚಿಕೊಳ್ಳಲು ಹೊರಟಿತು, ಅವನು ಬಿಡಲಿಲ್ಲ. ನೆಟ್ಟಗೆ ನಿಂತವನ ಮುಖ ಅದರಲ್ಲಿ ಇರಲಿಲ್ಲ. ಅಂಗಿಯ ಒಂದು ಗುಂಡಿ ಕಂಡಿತು, ಅದರ ಪಕ್ಕದಲ್ಲಿ, ಕೆಳಗೆ ಚಾಪೆಯ ಮೇಲೆ, ತಮ್ಮನ ತೆರೆದ ಕಣ್ಣುಗಳು. ಅವು ಅವನ ಕಾಲನ್ನೇ ನೋಡುತ್ತಿದ್ದವು.